ಪ್ರೋತ್ಸಾಹಧನ ಮತ್ತು ವಿದ್ಯುನ್ಮಾನ ಆರೋಗ್ಯ ದಾಖಲೆ: ಕೆ.ಜಿ.ಎಫ್.–ಬಂಗಾರಪೇಟೆಯ ನೆಲೆಯಿಂದ ಒಂದು ಪರಿಶೀಲನೆ

ರೋಗಿಯ ಕಾಯಿಲೆಯ ಪೂರ್ವಾಪರ, ಪರೀಕ್ಷಾ ವರದಿ, ಔಷಧ ಚೀಟಿಗಳನ್ನು ಕಂಪ್ಯೂಟರಿನಲ್ಲಿ ಕಾಯ್ದಿಟ್ಟು, ಬೇಕಾದಾಗ ಬೇರೆ ಆಸ್ಪತ್ರೆಗೂ ಒದಗಿಸುವ ಏರ್ಪಾಡನ್ನು ವಿದ್ಯುನ್ಮಾನ ಆರೋಗ್ಯ ದಾಖಲೆ ಎನ್ನುತ್ತಾರೆ. ಇದರ ಖರ್ಚು ಆಸ್ಪತ್ರೆಯದು, ಫಲ ಬಹುಪಾಲು ರೋಗಿಯದು ಮತ್ತು ಮುಂದೆ ಚಿಕಿತ್ಸೆ ನೀಡುವ ವೈದ್ಯರದು. ಆದ್ದರಿಂದ ಸರ್ಕಾರದ ನೆರವಿಲ್ಲದೆ ಇದು ಬೇಗ ಹಬ್ಬುವುದಿಲ್ಲ. ಆದರೆ ಸರ್ಕಾರ ಯಾವುದಕ್ಕೆ ಹಣ ಕೊಡುತ್ತದೆಯೋ ದಾಖಲೆಯೂ ಅದಕ್ಕೆ ತಕ್ಕ ರೂಪವನ್ನೇ ತಳೆಯುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ.

ಅಮೆರಿಕದಲ್ಲಿ 2009ರ ಹೈಟೆಕ್ ಕಾಯಿದೆ ದಾಖಲೆಯ ಅರ್ಥಪೂರ್ಣ ಬಳಕೆಗೆ ಹಣ ನೀಡಿ, 2015ರಿಂದ ಹಾಗೆ ಬಳಸದ ಆಸ್ಪತ್ರೆ ಮತ್ತು ವೈದ್ಯರಿಗೆ ಸಲ್ಲುವ ಸರ್ಕಾರಿ ಪಾವತಿಯನ್ನು ಕಡಿತಗೊಳಿಸಿತು. ಪ್ರಾಥಮಿಕ ಮಟ್ಟದ ದಾಖಲೆ ವ್ಯವಸ್ಥೆಯಿದ್ದ ಆಸ್ಪತ್ರೆಗಳ ಪ್ರಮಾಣ 2008ರ ಶೇ. 9.4ರಿಂದ 2015ರಲ್ಲಿ ಶೇ. 83.8ಕ್ಕೇರಿತಾದರೂ, ಆಸ್ಪತ್ರೆಗಳ ನಡುವಿನ ಮಾಹಿತಿ ವಿನಿಮಯ ಅದೇ ವೇಗದಲ್ಲಿ ಬೆಳೆಯಲಿಲ್ಲ.

ಭಾರತದಲ್ಲಿ 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವ್ಯಾಪಿಯಾಯಿತು. 2023ರ ಜನವರಿಯಿಂದ ಅದರ ಪ್ರೋತ್ಸಾಹ ಯೋಜನೆ ಜಾರಿಗೆ ಬಂದಿತು. ದಾಖಲೆಯನ್ನು ರೋಗಿಯ 14 ಅಂಕಿಯ ಆಭಾ (ಆರೋಗ್ಯ ಖಾತೆ) ಸಂಖ್ಯೆಗೆ ಜೋಡಿಸುವುದನ್ನು ವಹಿವಾಟೆಂದು ಎಣಿಸಿ, ನಿಗದಿತ ಮಿತಿ ಮೀರಿದ ವಹಿವಾಟುಗಳಿಗೆ ಹಣ ನೀಡುವ ಈ ಯೋಜನೆ 2023ರಲ್ಲಿ ಜಾರಿಯಾದಾಗ ಒಂದು ಸಂಸ್ಥೆಗೆ ಸಿಗಬಹುದಾಗಿದ್ದ ಗರಿಷ್ಠ ಮೊತ್ತ 4 ಕೋಟಿ ರೂಪಾಯಿ. ಎಣಿಕೆಯೇ ಆಧಾರವಾದಾಗ ರೋಗಿಗಳ ದಟ್ಟಣೆಯುಳ್ಳ ದೊಡ್ಡ ಆಸ್ಪತ್ರೆಗೆ ಲಾಭ ಸುಲಭವಾಗಿ ದಕ್ಕುತ್ತದೆ. ಬಂಗಾರಪೇಟೆಯಂಥ ಊರಿನ ಸಣ್ಣ ನರ್ಸಿಂಗ್ ಹೋಮಿಗೆ ಮಾಹಿತಿ ತುಂಬುವ ಸಿಬ್ಬಂದಿಯ ಸಂಬಳವೇ ಭಾರವಾಗುತ್ತದೆ.

ಹಣಕಾಸಿನ ಹೊಣೆಯು ದಾಖಲೆಯನ್ನು ರೂಪಿಸುವುದು ಕೋಲಾರದ ಚಿನ್ನದ ಗಣಿಗೆ (ಕೆ.ಜಿ.ಎಫ್.) ಹೊಸದಲ್ಲ. ಕಲ್ಲಿನ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ರೋಗವು ಇಲ್ಲಿ 1940ರ ದಶಕದಲ್ಲಿ ಪರಿಹಾರಕ್ಕೆ ಅರ್ಹವಾದ ಮೇಲೆ, ಕಾರ್ಮಿಕನ ಎದೆಯ ಎಕ್ಸ್‌ರೇಯೂ ನೆಲದಾಳದ ದುಡಿಮೆಯ ವರ್ಷಗಳೂ ಹಕ್ಕಿನ ಪುರಾವೆಗಳಾದವು. 2001ರಲ್ಲಿ ಗಣಿ ಮುಚ್ಚಿ, ಚಾಂಪಿಯನ್ ರೀಫ್ಸ್‌ನ ಗಣಿ ಆಸ್ಪತ್ರೆಯೂ ನಿಂತುಹೋದ ಮೇಲೆ, ಹಳೆಯ ಕಾರ್ಮಿಕರ ಚಿಕಿತ್ಸೆ ರಾಬರ್ಟ್‌ಸನ್‌ಪೇಟೆ, ಕೋಲಾರ, ಬೆಂಗಳೂರುಗಳಿಗೆ ಹಂಚಿಹೋಗಿದೆ. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ಕ್ಷಯದಂತೆಯೇ ಕಾಣಬಹುದು; ಸಿಲಿಕೋಸಿಸ್ ಇದ್ದವರಿಗೆ ಕ್ಷಯದ ಅಪಾಯವೂ ಹೆಚ್ಚು. ಇಂಥಲ್ಲಿ ವೈದ್ಯರಿಗೆ ದಾರಿ ತೋರುವುದು ದುಡಿಮೆಯ ವಿವರ. ಆ ವಿವರವಿಲ್ಲದ ದಾಖಲೆಯೂ ಆಭಾಗೆ ಜೋಡಣೆಯಾದರೆ ಒಂದು ವಹಿವಾಟೇ.

ಆದ್ದರಿಂದ ಪ್ರೋತ್ಸಾಹಧನದ ಒಂದು ಪಾಲನ್ನು, ರೋಗಿಯ ಒಪ್ಪಿಗೆಯೊಂದಿಗೆ ದಾಖಲೆಯು ಮತ್ತೊಂದು ಆಸ್ಪತ್ರೆಯಲ್ಲಿ ಬಳಕೆಯಾದಾಗ ಮಾತ್ರ ನೀಡುವುದು ಸೂಕ್ತ. ಸಣ್ಣ ಆಸ್ಪತ್ರೆಗಳಿಗೆ ಸಿಬ್ಬಂದಿ ವೆಚ್ಚವನ್ನು ಆರಂಭದಲ್ಲೇ ಭರಿಸಬೇಕು. ಗಣಿ ಪ್ರದೇಶಗಳಲ್ಲಿ ವೃತ್ತಿಯ ವಿವರ ಕಡ್ಡಾಯವಾಗಬೇಕು. ಗಣಿಯಲ್ಲಿ ಉಸಿರು ಕಳೆದುಕೊಂಡವರಿಗೆ ಈ ಮಟ್ಟದ ದಾಖಲೆಯು ಸರ್ಕಾರ ಸಲ್ಲಿಸಬೇಕಾದ ಕನಿಷ್ಠ ನ್ಯಾಯ.