ಊರ ಉಸಾಬರಿ

ಹೆಣ್ಣು ಕೊಡುವ ಮುಂಚೆ ಹುಡುಗನ ಬಗ್ಗೆ ಅಕ್ಕಪಕ್ಕದವರನ್ನು ವಿಚಾರಿಸುವುದು ನಮ್ಮ ಕಡೆ ಇನ್ನೂ ಬಿಟ್ಟುಹೋಗಿಲ್ಲ. ಊರು ಹೊಸದುರ್ಗವಿರಲಿ, ಹೊಳಲ್ಕೆರೆಯಿರಲಿ, ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ: ‘ಒಳ್ಳೆ ಹುಡುಗ ಕಣ್ರೀ, ಯಾರ ತಂಟೆಗೂ ಹೋಗೋನಲ್ಲ. ತಾನಾಯ್ತು, ತನ್ನ ಕೆಲಸ ಆಯ್ತು. ಊರ ಉಸಾಬರಿ ಅವನಿಗೆ ಬೇಕಿಲ್ಲ.’ ಅದೇ ಹುಡುಗ ಮುದುಕನಾಗಿ ತೀರಿಕೊಂಡಾಗಲೂ ಇದೇ ಮಾತು: ‘ಯಾರ ತಂಟೆಗೂ ಹೋದೋರಲ್ಲ, ಪಾಪ.’ ಹಸೆಮಣೆಯಿಂದ ಮಸಣದವರೆಗೆ ನಡೆಯುವ ಈ ಯೋಗ್ಯತಾಪತ್ರದಲ್ಲಿ ಆತ ಏನು ಮಾಡಿದ ಎಂಬುದಿಲ್ಲ. ಏನು ಮಾಡಲಿಲ್ಲ ಎಂಬುದಷ್ಟೇ ಇದೆ.

ಉಸಾಬರಿ ಎಂಬ ಪದದ ಸಹವಾಸ ನೋಡಿ. ‘ನನ್ನ’ ಎಂಬುದು ಅದರ ಹತ್ತಿರ ಸುಳಿಯುವುದಿಲ್ಲ. ಊರ ಉಸಾಬರಿ, ಯಾರದೋ ಉಸಾಬರಿ, ಇಲ್ಲದ ಉಸಾಬರಿ. ಹಿಂದೊಂದು ‘ಯಾಕೆ’, ಮುಂದೊಂದು ‘ಬೇಡ’. ಆದರೆ ಮದುವೆ ಮನೆಗೆ ಬಂದರೆ ಇದೇ ಪದಕ್ಕೆ ಎಲ್ಲಿಲ್ಲದ ಮರ್ಯಾದೆ. ‘ಅಡುಗೆ ಉಸಾಬರಿ ನನಗೆ ಬಿಡಿ’ ಎಂದವನೇ ಅಲ್ಲಿ ದೊಡ್ಡ ಮನುಷ್ಯ. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಲ್ಲಿ ಊಟದ್ದೋ ಪಾನಕದ್ದೋ ಉಸಾಬರಿ ಹೊತ್ತವನನ್ನು ‘ನಿನಗ್ಯಾಕಪ್ಪಾ’ ಎಂದು ಯಾರೂ ಕೇಳುವುದಿಲ್ಲ. ಅಂದರೆ ನಮಗೆ ಹೊಣೆ ಹೊರುವುದು ಬೇಡವೆಂದಲ್ಲ. ಗುರುತು ಪರಿಚಯ ಇಲ್ಲದವನ ಹೊಣೆ ಬೇಡ, ಅಷ್ಟೆ.

ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ನನ್ನ ಮುಂದಿನ ಸೀಟಿನಲ್ಲಿ ಅಜ್ಜಿ, ಮೊಮ್ಮಗ ಕೂತಿದ್ದರು. ರಸ್ತೆಯಂಚಿನಲ್ಲಿ ಬೈಕೊಂದು ಬಿದ್ದಿತ್ತು. ಅದರ ಹಿಂದಿನ ಚಕ್ರ ಇನ್ನೂ ತಿರುಗುತ್ತಿತ್ತು. ಪಕ್ಕದಲ್ಲಿ ಒಬ್ಬ ಮೊಣಕೈ ಊರಿ ಏಳಲು ನೋಡುತ್ತಿದ್ದ. ಎರಡು ಬೈಕು, ಒಂದು ಆಟೋ ಆಗಲೇ ನಿಂತಿದ್ದವು, ಇಳಿದವರು ಮಾತ್ರ ಯಾರೂ ಕಾಣಲಿಲ್ಲ. ನಮ್ಮ ಬಸ್ಸು ಹಾರನ್ ಹೊಡೆದು ಪಕ್ಕಕ್ಕೆ ಸರಿದು ಮುಂದೆ ಹೋಯಿತು. ‘ಅಜ್ಜಿ, ಬಸ್ಸು ಯಾಕೆ ನಿಲ್ಸಲಿಲ್ಲ?’ ಎಂದ ಹುಡುಗ. ‘ಸುಮ್ಕಿರ್ಲಾ, ನಿಂಗ್ಯಾಕೆ ಊರ ಉಸಾಬ್ರಿ’ ಎಂದಳು ಅಜ್ಜಿ. ಹಾಗೆಂದವಳೇ ಕಿಟಕಿಗೆ ತಲೆ ಆನಿಸಿ, ರಸ್ತೆ ತಿರುಗುವವರೆಗೂ ಹಿಂದಕ್ಕೇ ನೋಡುತ್ತಿದ್ದಳು. ಹೊಳಲ್ಕೆರೆಯಲ್ಲಿ ಇಳಿಯುವಾಗ ಕಂಡಕ್ಟರನ್ನು ಕೇಳಿದಳು: ‘ಆ ಹುಡುಗ ಎದ್ನೇನಪ್ಪಾ?’ ‘ಯಾರೋ ಎತ್ತಿರ್ತಾರೆ ಬಿಡಮ್ಮ’ ಎಂದು ಆತ ಸೀಟಿ ಊದಿದ.

ಹುಡುಗ ಅಂದು ಎರಡು ಪಾಠ ಕಲಿತಿರಬೇಕು. ಒಂದು ಬಾಯಲ್ಲಿ ಹೇಳಿದ್ದು, ಇನ್ನೊಂದು ಹೇಳದೆ ಉಳಿದದ್ದು. ಉಸಾಬರಿ ಬೇಡ ಎಂದ ಬಾಯಿಗೇ ‘ಎದ್ನೇನಪ್ಪಾ’ ಎಂದು ಕೇಳದಿರಲು ಆಗಲಿಲ್ಲ. ಕಣ್ಣಾರೆ ಕಂಡೂ ದಾಟಿ ಬಂದದ್ದು ಸುಲಭಕ್ಕೆ ಹಿಂದೆ ಉಳಿಯುವುದಿಲ್ಲ.

ಹಾಗೆಂದು ಅಜ್ಜಿಯನ್ನು ಕಲ್ಲೆದೆಯವಳು ಎನ್ನಲಾರೆ. ಅವಳ ಕಾಲದಲ್ಲಿ ಬಿದ್ದವನನ್ನು ಎತ್ತಿದವನೇ ಮೊದಲ ಗುಮಾನಿಗೆ ಗುರಿ. ‘ಮುಟ್ಬೇಡ್ರೀ, ಪೊಲೀಸ್ ಬರ್ಲಿ’ ಎನ್ನುವ ಮಾತು ಹುಟ್ಟಿದ್ದೇ ಆ ಭಯದಿಂದ. ಠಾಣೆಯಲ್ಲಿ ಹೇಳಿಕೆ, ಆಮೇಲೆ ಸಮನ್ಸ್, ಆಮೇಲೆ ವಾಯಿದೆ ಮೇಲೆ ವಾಯಿದೆ. ಮಳೆ ನಂಬಿ ಈರುಳ್ಳಿ, ಶೇಂಗಾ ಹಾಕಿದವನಿಗೆ ಹದ ತಪ್ಪಿದರೆ ಆ ವರ್ಷವೇ ಹೋಯಿತು. ಕೂಲಿಯವನಿಗೆ ಕೋರ್ಟಿಗೆ ಹೋದ ದಿನ ಒಲೆ ಹೊತ್ತುವುದಿಲ್ಲ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಕಟ್ಟಿದವರು ಅದನ್ನು ಅನುಭವಿಸಿಯೇ ಕಟ್ಟಿದ್ದು. ಕೈಯಲ್ಲಿ ಕಾಸಿಲ್ಲದ, ಹಿಂದೆ ಜನವಿಲ್ಲದ ಮನೆಗಳಲ್ಲಿ ‘ಉಸಾಬರಿ ಬೇಡ’ ಎಂಬುದು ಬದುಕಿ ಉಳಿಯುವ ಬುದ್ಧಿಮಾತಾಗಿತ್ತು.

ಆದರೆ ಆ ಭಯಕ್ಕಿದ್ದ ಕಾರಣ ಕಾಗದದ ಮೇಲಾದರೂ ಈಗ ಇಲ್ಲ. ಅಪಘಾತದಲ್ಲಿ ನೆರವಾದವರಿಗೆ ಕಿರುಕುಳ ಕೊಡಬಾರದೆಂಬ ಕೇಂದ್ರದ ಮಾರ್ಗಸೂಚಿಯನ್ನು ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಕರ್ನಾಟಕ ಅದೇ ವರ್ಷ ತನ್ನದೇ ಕಾನೂನು ರೂಪಿಸಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಎಂಬ ಕಲಂ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು, ವಿಳಾಸ ಹೇಳಲೇಬೇಕೆಂದಿಲ್ಲ. ಸಾಕ್ಷಿಯಾಗಿ ಬಾ ಎಂದು ಬಲವಂತ ಮಾಡುವಂತಿಲ್ಲ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿ ಹರಿದು, ಅಂಗಾಂಗ ದಾನ ಮಾಡಿ ಎಂದು ಹೇಳಿ ಪ್ರಾಣಬಿಟ್ಟ ಯುವಕನ ಹೆಸರಿನಲ್ಲಿ ‘ಸಾಂತ್ವನ ಹರೀಶ್’ ಯೋಜನೆ ಬಂತು. ಅಪಘಾತವಾದ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯ ಖರ್ಚನ್ನು ಸರ್ಕಾರ ವಹಿಸಿಕೊಂಡಿತು. ಕಾನೂನು ಬದಲಾಯಿತು, ಮಾತು ಬದಲಾಗಲಿಲ್ಲ. ಆ ನೆಲಮಂಗಲದಿಂದ ಹೆದ್ದಾರಿ ಹಿಡಿದು ಶಿರಾ ದಾಟಿ, ಹಿರಿಯೂರು, ಐಮಂಗಲ ಕಳೆದು ಚಿತ್ರದುರ್ಗ ಸೇರುವವರೆಗೆ ಎಲ್ಲಿ ಜನ ಗುಂಪುಗೂಡಿದರೂ ಕೇಳಿಬರುವುದು ಹಳೆಯ ‘ಮುಟ್ಬೇಡ್ರೀ’. ಅದೇ ಈರುಳ್ಳಿ ಲಾರಿ ಮಗುಚಿದರೆ ಮುಟ್ಟಬೇಡಿ ಎನ್ನುವವರಿಲ್ಲ. ಚೀಲ ಹಿಡಿದು ಓಡಿಬರುತ್ತಾರೆ. ಡ್ರೈವರ್ ಮಾತ್ರ ಊರ ಉಸಾಬರಿ.

ಇಂಥ ನಮ್ಮದೇ ಚಿತ್ರದುರ್ಗ ಜಿಲ್ಲೆ ಮಕ್ಕಳಿಗೆ ಒನಕೆ ಓಬವ್ವನ ಕತೆ ಹೇಳಿ ಮಲಗಿಸುತ್ತದೆ. ನವೆಂಬರ್ 11ಕ್ಕೆ ಅವಳ ಜಯಂತಿ. ಶಾಲೆಗಳಲ್ಲಿ ಭಾಷಣ, ಛದ್ಮವೇಷ. ಆ ಕತೆಯನ್ನು ಉಸಾಬರಿಯ ಕಣ್ಣಿನಿಂದ ಒಮ್ಮೆ ನೋಡಬೇಕು. ಹೈದರಾಲಿಯ ಮುತ್ತಿಗೆಯ ಕಾಲ. ಕಾವಲು ಅವಳದಲ್ಲ, ಗಂಡ ಕಹಳೆ ಮುದ್ದಹನುಮನದು. ಆತ ಊಟಕ್ಕೆ ಬಂದಿದ್ದ. ಅವಳು ನೀರಿಗೆ ಹೋಗಿದ್ದಳು, ಕೋಟೆಯ ಕಿಂಡಿಯಲ್ಲಿ ಹಗೆಗಳು ನುಸುಳುವುದು ಕಂಡಿತು. ಸಂಬಳವಿಲ್ಲ, ಹುದ್ದೆಯಿಲ್ಲ, ಕೈಗೆ ಸಿಕ್ಕಿದ್ದು ಒನಕೆ. ‘ಕೋಟೆ ಉಸಾಬರಿ ನನಗ್ಯಾಕೆ, ದೊರೆಯುಂಟು, ದಂಡುಂಟು’ ಎಂದಿದ್ದರೆ ತಪ್ಪೆನ್ನುವವರು ಯಾರಿದ್ದರು? ಕೊನೆಗೆ 1779ರಲ್ಲಿ ಕೋಟೆ ಹೈದರನ ವಶವಾಯಿತು. ಆದರೂ ಮಕ್ಕಳ ಬಾಯಲ್ಲಿ ಉಳಿದದ್ದು ಅವಳ ಹೆಸರೇ. ನಮ್ಮ ಲೆಕ್ಕದಲ್ಲಿ ಹೆಸರು ತಂದ ಉಸಾಬರಿ ಶೌರ್ಯ, ಹೆಸರು ತರದ್ದು ಊರ ಉಸಾಬರಿ.

ಆ ಕಿಂಡಿಯ ಬಳಿ ಓಬವ್ವನ ಜೊತೆ ಇನ್ನೂ ಇಪ್ಪತ್ತು ಜನ ಇದ್ದಿದ್ದರೆ? 1968ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡಾರ್ಲಿ ಮತ್ತು ಲಟಾನೆ ಇಂಥದ್ದನ್ನೇ ಪರೀಕ್ಷಿಸಿದರು. ಪಕ್ಕದ ಕೋಣೆಯವನಿಗೆ ಫಿಟ್ಸ್ ಬಂದಂತೆ ಸದ್ದು ಕೇಳಿಸಿದಾಗ, ಕೇಳಿದ್ದು ತಾನೊಬ್ಬನೇ ಎಂದುಕೊಂಡವರಲ್ಲಿ ನೂರಕ್ಕೆ 85 ಮಂದಿ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಎದ್ದದ್ದು ನೂರಕ್ಕೆ 31 ಮಂದಿ. ಓಬವ್ವನಿಗೆ ಕೈ ತೋರಿಸಲು ಒಬ್ಬ ‘ಯಾರೋ’ ಇರಲಿಲ್ಲ. ನಮ್ಮ ಕಂಡಕ್ಟರನಿಗೆ ಇದ್ದ.

ಹಾಗಾಗಿ ಮಕ್ಕಳಿಗೆ ಶೌರ್ಯದ ಪಾಠಕ್ಕಿಂತ ಮೊದಲು ಬೇಕಾದದ್ದು ‘ಯಾರೋ ಎಂಬುವವನು ಇಲ್ಲ’ ಎಂಬ ಪಾಠ. ಒನಕೆ ಎತ್ತುವ ಪ್ರಸಂಗ ನೂರರಲ್ಲಿ ಒಬ್ಬರಿಗೂ ಬರಲಾರದು. 108ಕ್ಕೆ ಫೋನ್ ಮಾಡುವ ಪ್ರಸಂಗ ಎಲ್ಲರಿಗೂ ಬರುತ್ತದೆ. ಜಯಂತಿಯ ಭಾಷಣದಲ್ಲಿ ಓಬವ್ವನ ಜೊತೆಗೆ 134ಎ ಕಲಮಿಗೂ ಎರಡು ನಿಮಿಷ ಕೊಟ್ಟರೆ ನಷ್ಟವಿಲ್ಲ. ಭಯದ ಕಾರಣ ಹೋಗಿದೆ ಎಂಬುದು ಮೊಮ್ಮಗನ ಬಾಯಿಂದಲಾದರೂ ಅಜ್ಜಿಗೆ ಗೊತ್ತಾಗಲಿ. ಗೊತ್ತಾದ ಮೇಲೂ ಬಸ್ಸು ನಿಲ್ಲದಿದ್ದರೆ, ಆಗ ಕೋರ್ಟು ಕಚೇರಿಯ ನೆಪ ಬಿಟ್ಟು, ನಮಗೆ ಮನಸ್ಸಿರಲಿಲ್ಲ ಎಂದು ಒಪ್ಪಿಕೊಂಡರಾಯಿತು.