ಒಂದೇ ವಿಶ್ವವಿದ್ಯಾಲಯ, ಎರಡು ಲೆಕ್ಕ: ಒಂದು ಸುಳ್ಳೇ?

"ಪ್ರವೇಶ ವಿಭಾಗದ ಲೆಕ್ಕ ಒಂದು, ಪರೀಕ್ಷಾ ವಿಭಾಗದ್ದು ಇನ್ನೊಂದು. ಉಳಿದವರೆಲ್ಲ ಬೋಗಸ್ ವಿದ್ಯಾರ್ಥಿಗಳು!" ಇಂಥ ಸಂದೇಶ ನಿಮಗೂ ಬಂದಿರಬಹುದು. ಬೋಗಸ್ ಹೆಸರುಗಳು ಇರುವುದೇ ಇಲ್ಲ ಎಂದಲ್ಲ. ಆದರೆ ಸಂಖ್ಯೆಗಳು ಬೇರೆಯಾಗಿರುವುದೊಂದೇ ಅದಕ್ಕೆ ಪುರಾವೆಯಾಗದು.

ಸೇರಿದ ಎರಡೇ ತಿಂಗಳಿಗೆ ಕಾಲೇಜು ಬಿಟ್ಟವಳು ಪ್ರವೇಶ ಪಟ್ಟಿಯಲ್ಲಿರುತ್ತಾಳೆ, ಪರೀಕ್ಷಾ ಪಟ್ಟಿಯಲ್ಲಿರುವುದಿಲ್ಲ. ಬಾಕಿ ವಿಷಯ ಬರೆಯಲು ಬಂದ ಹಳೆಯ ವಿದ್ಯಾರ್ಥಿಯದು ಇದಕ್ಕೆ ತದ್ವಿರುದ್ಧ. ಪದವಿಯ ಜೊತೆ ಡಿಪ್ಲೊಮಾ ಓದುವವನನ್ನು ಎರಡು ಸಲ ಎಣಿಸಿರಲೂಬಹುದು.

ಈ ಗೊಂದಲ ತಪ್ಪಿಸಲೆಂದೇ ಇರುವುದು ಡೇಟಾ ವೇರ್‌ಹೌಸ್, ಅಂದರೆ ಮಾಹಿತಿಯ ಉಗ್ರಾಣ. ಪ್ರವೇಶ, ಶುಲ್ಕ, ಪರೀಕ್ಷೆಯ ತಂತ್ರಾಂಶಗಳಿಂದ ಮಾಹಿತಿಯ ಪ್ರತಿ ತಂದು, ಒಬ್ಬರಿಗೆ ಒಂದೇ ಗುರುತಿನ ಸಂಖ್ಯೆ ಕೊಟ್ಟು ಜೋಡಿಸುತ್ತಾರೆ. ನಿಗದಿತ ದಿನದ ಸ್ಥಿತಿಯನ್ನು ಇದ್ದಹಾಗೇ ತೆಗೆದಿಡುತ್ತಾರೆ. ಎಲ್ಲ ವಿಭಾಗಗಳ ವರದಿಯೂ ಅದರಿಂದಲೇ ಬರಬೇಕು. ಸರ್ವರ್ ಕೊಳ್ಳುವುದು ಸುಲಭ. 'ವಿದ್ಯಾರ್ಥಿ' ಎಂದರೆ ಯಾರು ಎಂಬುದಕ್ಕೆ ಮೂರೂ ವಿಭಾಗಗಳನ್ನು ಒಪ್ಪಿಸುವುದೇ ದೊಡ್ಡ ತಲೆನೋವು! 2010-11ರಲ್ಲಿ ಶುರುವಾದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯೂ ಎಣಿಕೆಗೆ ಒಂದು ಉಲ್ಲೇಖ ದಿನಾಂಕ ಇಟ್ಟುಕೊಂಡಿದೆ.

ಹಾಗಾಗಿ ಯಾವ ದಿನ, ಯಾರನ್ನು ಎಣಿಸಿದ್ದು ಎಂದು ಸಂದೇಶದಲ್ಲಿ ಇಲ್ಲದಿದ್ದರೆ ಆ ಹೋಲಿಕೆಗೆ ಅರ್ಥವಿಲ್ಲ. ಅದೇ ದಿನಾಂಕ, ಅದೇ ವ್ಯಾಖ್ಯೆ ಇದ್ದೂ ಹೆಸರುಗಳು ತಾಳೆಯಾಗಲಿಲ್ಲವೇ? ಆಗ ಧಾರಾಳವಾಗಿ ತನಿಖೆ ಕೇಳಿ.