ಗಣಿಯ ಗಂಟೆ, ಬಂದರಿನ ಹೊನ್ನು: ಭಟ್ಕಳ, ಹೊನ್ನಾವರ, ಕುಮಟಾ ಕರಾವಳಿಯ ವ್ಯಾಪಾರವನ್ನು ಕುರಿತ ಒಂದು ಲೆಕ್ಕಾಚಾರ

ವಿಜಯನಗರದ ವರಹಗಳಿಗೆ ಬೇಕಾದ ಚಿನ್ನ ಒಳನಾಡಿನ ಗಣಿಗಳಿಂದ ಬಂದಿತೇ ಅಥವಾ ಕಡಲ ವ್ಯಾಪಾರದಿಂದಲೇ ಎಂಬ ಪ್ರಶ್ನೆ ಕರ್ನಾಟಕದ ಆರ್ಥಿಕ ಚರಿತ್ರೆಯಲ್ಲಿ ಮುಖ್ಯವಾದುದು. ಸಣ್ಣ ಗಣಿಗಳ ಉತ್ಪಾದನೆಯ ಲೆಕ್ಕಪತ್ರಗಳು ದೊರೆಯದಿರುವಾಗ ದುಡಿಮೆಯ ಗಂಟೆಗಳಿಂದ ಅದನ್ನು ಅಂದಾಜು ಮಾಡುವುದು ಒಂದು ಉಪಯುಕ್ತ ವಿಧಾನವಾಗಿದೆ.

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಪ್ರಾಚೀನ ಗಣಿಗಾರಿಕೆ 600 ಅಡಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರೆರೆದು ಬಿರುಕುಗೊಳಿಸಿ, ಅದಿರನ್ನು ಕಲ್ಲಿನ ಮೇಲೆ ಕುಟ್ಟಿ ಅರೆದು, ತೊಳೆದು ಚಿನ್ನವನ್ನು ಬೇರ್ಪಡಿಸಲಾಗುತ್ತಿತ್ತು. ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ಸಂಗ್ರಹಿಸುವ ಪದ್ಧತಿಯು 19ನೆಯ ಶತಮಾನದಲ್ಲಿಯೂ ಉಳಿದಿತ್ತು. ಆ ಪ್ರದೇಶದ ಚಿನ್ನದ ಶಿಲೆಗಳನ್ನು ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವಿವರಿಸಿದ್ದಾನೆ. ಈ ವಿಧಾನಗಳಲ್ಲಿ ಉತ್ಪಾದನೆಯ ಮಿತಿಯನ್ನು ನಿರ್ಧರಿಸುವುದು ಅದಿರಿನ ಸಂಪತ್ತಿಗಿಂತ ಹೆಚ್ಚಾಗಿ ಅರೆಯುವ ಕೈಗಳ ವೇಗವೇ ಆಗಿದೆ.

ಉದಾಹರಣೆಗೆ, 10 ಅರೆಯುವ ಕಲ್ಲುಗಳುಳ್ಳ ಒಂದು ಗಣಿಯನ್ನು ಊಹಿಸಿಕೊಳ್ಳಬಹುದು. ಒಂದೊಂದು ಕಲ್ಲು ಗಂಟೆಗೆ 5 ಕಿಲೋಗ್ರಾಂ ಅದಿರನ್ನು ಅರೆದು, ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 150 ದಿನ ಕೆಲಸ ನಡೆದರೆ, ಒಟ್ಟು 60 ಟನ್ ಅದಿರು ಅರೆದಂತಾಗುತ್ತದೆ. ಟನ್ನಿಗೆ 10 ಗ್ರಾಂ ಚಿನ್ನವಿದ್ದು ಅದರಲ್ಲಿ ನೂರಕ್ಕೆ 70 ಭಾಗ ಕೈಗೆ ಬಂದಿತೆಂದರೆ, ವರ್ಷದ ಉತ್ಪಾದನೆ 420 ಗ್ರಾಂ. ವರಹದ ತೂಕವು ಸುಮಾರು 3.4 ಗ್ರಾಂ ಆದುದರಿಂದ ಇದು ಸುಮಾರು 123 ವರಹಗಳಿಗೆ ಸಮನಾಗುತ್ತದೆ. ಅರ್ಧ ಭಾಗವನ್ನೇ ಅರಸು ಪಡೆದನೆಂದರೂ ಬೊಕ್ಕಸಕ್ಕೆ ಸಲ್ಲುವುದು 61 ವರಹಗಳಷ್ಟೇ.

ಈ ಮೊತ್ತವನ್ನು ಬಂದರಿನ ವೆಚ್ಚದೊಡನೆ ಹೋಲಿಸಿದಾಗ ಅದರ ಅರ್ಥ ಸ್ಪಷ್ಟವಾಗುತ್ತದೆ. ಸಾಳುವ ನರಸಿಂಹನು ಸತ್ತ ಕುದುರೆಗಳನ್ನೂ ಸೇರಿಸಿ ಮೂರಕ್ಕೆ ಸಾವಿರ ಪರದಾವ್‌ಗಳಂತೆ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿದ್ದಾನೆ. ಪರದಾವ್ ಎಂಬುದು ವರಹಕ್ಕೆ ಪೋರ್ಚುಗೀಸರು ಬಳಸಿದ ಹೆಸರು. ಅಂದರೆ ಒಂದು ಕುದುರೆಯ ಬೆಲೆ ಸುಮಾರು 333 ವರಹ. ಮೇಲಿನ ಗಣಿಯಿಂದ ಅರಸನಿಗೆ ಬರುವ ಆದಾಯದಲ್ಲಿ ಒಂದು ಕುದುರೆಯನ್ನು ಕೊಳ್ಳಲು ಐದು ವರ್ಷಗಳಿಗೂ ಹೆಚ್ಚು ಕಾಲ ಬೇಕಾಗುತ್ತದೆ. ವಿಜಯನಗರದ ಅರಸನು ವರ್ಷಕ್ಕೆ 13,000 ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದನೆಂಬ ನ್ಯೂನಿಜನ ಮಾತನ್ನು ಹಾಗೆಯೇ ಒಪ್ಪಿ, ಹಿಂದಿನ ಬೆಲೆಯನ್ನೇ ಅನ್ವಯಿಸಿದರೆ, ಇಂತಹ ಸುಮಾರು 35,000 ಗಣಿಗಳ ಪೂರ್ಣ ಉತ್ಪಾದನೆ ಬೇಕಾಗುತ್ತದೆ.

ಈ ಲೆಕ್ಕವನ್ನು ಅಕ್ಷರಶಃ ಗ್ರಹಿಸಲಾಗದು. ಕುದುರೆಗಳ ಸಂಖ್ಯೆ ಉತ್ಪ್ರೇಕ್ಷಿತವಾಗಿರಬಹುದು. ಬೆಲೆಯು ಮತ್ತೊಬ್ಬ ಅರಸನ ಕಾಲದ್ದು. ಆದರೆ ಕುದುರೆಗಳು ಹತ್ತನೆಯ ಒಂದು ಪಾಲಿನಷ್ಟೇ ಇದ್ದವೆಂದರೂ 3,500 ಗಣಿಗಳು ಬೇಕು. ಜೊತೆಗೆ ಪ್ರತಿ ಗಣಿಯ ಉತ್ಪಾದನೆಯೂ ಹತ್ತು ಪಟ್ಟು ಹೆಚ್ಚೆಂದು ಒಪ್ಪಿದರೆ ಮಾತ್ರ ಆ ಸಂಖ್ಯೆ 350ಕ್ಕೆ ಇಳಿಯುತ್ತದೆ. ಆದ್ದರಿಂದ ಒಳನಾಡಿನ ಸಣ್ಣ ಗಣಿಗಳಷ್ಟರಿಂದಲೇ ಈ ವೆಚ್ಚ ಭರಿಸಲ್ಪಟ್ಟಿತೆಂಬ ವಾದವು ದುರ್ಬಲವಾಗುತ್ತದೆ.

ಹೊರಗೆ ಹರಿದ ಹೊನ್ನನ್ನು ಮರಳಿ ತರುವ ಹೊಣೆಯಲ್ಲಿ ಬಹುಪಾಲು ಕರಾವಳಿಯ ರಫ್ತಿನದಾಗಿತ್ತೆಂದು ಭಾವಿಸಬಹುದು. ಭಟ್ಕಳದಿಂದ ಅಕ್ಕಿ, ಸಕ್ಕರೆ ಮತ್ತು ಕಬ್ಬಿಣ ಹಡಗು ಏರುತ್ತಿದ್ದುದನ್ನು ಬಾರ್ಬೋಸಾ ದಾಖಲಿಸಿದ್ದಾನೆ. ಗೇರುಸೊಪ್ಪೆಯ ಅರಸಿ ಚೆನ್ನಭೈರಾದೇವಿಯು ಪೋರ್ಚುಗೀಸರಿಂದ ‘ಕರಿಮೆಣಸಿನ ರಾಣಿ’ ಎನಿಸಿಕೊಂಡಳು. ಕುಮಟಾ ತಾಲ್ಲೂಕಿನ ಮಿರ್ಜಾನ್ ಆ ಮೆಣಸಿನ ವ್ಯಾಪಾರದ ನೆಲೆಯಾಗಿತ್ತು. 1510ರಲ್ಲಿ ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಅಲ್ಬುಕರ್ಕ್ ಗೋವೆಯನ್ನು ಹಿಡಿದ ಬಳಿಕ ಕುದುರೆ ವ್ಯಾಪಾರವು ಅತ್ತ ಸರಿಯಿತು. ಭಟ್ಕಳ ಕಳೆದುಕೊಂಡದ್ದು ಕೇವಲ ಸುಂಕವನ್ನಲ್ಲ, ಕುದುರೆಯ ಸುತ್ತ ನಡೆಯುತ್ತಿದ್ದ ಹೊನ್ನಿನ ವಹಿವಾಟಿನ ದೊಡ್ಡ ಪಾಲನ್ನು. ವಿಜಯನಗರದ ಚಿನ್ನದ ಮೂಲವನ್ನು ಅರಸುವ ಸಂಶೋಧಕರು ಹಟ್ಟಿಯ ಸುರಂಗಗಳಷ್ಟೇ ಶ್ರದ್ಧೆಯಿಂದ ಗದ್ದೆ, ಗಾಣ ಮತ್ತು ಮೆಣಸಿನ ಬಳ್ಳಿಗಳ ಉತ್ಪಾದನೆಯನ್ನೂ ಅಳೆಯಬೇಕಾಗಿದೆ.